ನಕ್ಷೆಯಲ್ಲಿಲ್ಲದ ಪೈಪು

ಹೊಸ ಕಟ್ಟಡದ ಪಾಯದ ಗುಂಡಿಗೆ ಕಾಂಕ್ರೀಟ್ ಸುರಿಯುವ ಹೊತ್ತಿಗೆ, ಬಡಾವಣೆಗೆ ನೀರು ಬಿಡುವ ಫಕೀರಪ್ಪ ಅಡ್ಡ ಬಂದ.

"ಸಾಹೇಬ್ರ, ಈ ಗುಂಡಿಯಿಂದ ಮೂರಡಿ ಕೆಳಗ ನೀರಿನ ಹಳೇ ಪೈಪ್ ಐತ್ರಿ. ನಾಕು ಅಂತಸ್ತಿನ ಭಾರ ಬಿದ್ರ ಮಣ್ಣು ಕುಗ್ಗತೈತಿ, ಪೈಪ್ ಬಾಗಿ ಜಾಯಿಂಟ್ ಬಿಡತೈತಿ. ಸೋರೋ ನೀರು ಮಣ್ಣು ಕೊಚ್ಕೊಂಡು ಹೋದ್ರ ನಿಮ್ಮ ಕಂಬಾನೂ ಕುಸೀತೈತ್ರಿ."

ಎಂಜಿನಿಯರ್ ನಕ್ಷೆಯಿಂದ ತಲೆ ಎತ್ತಲಿಲ್ಲ. "ಇದರಾಗ ಯಾವ ಪೈಪೂ ಇಲ್ಲ. ಇದ್ರೂ ಅದು ಎಂದೋ ಸತ್ತ ಲೈನು. ವಾಲ್ವ್ ತಿರುವಾಂವ ನೀನು, ನನಗ ಮಣ್ಣಿನ ಪಾಠ ಹೇಳ್ತೀಯೇನು?"

"ಸತ್ತಿದ್ರ ಅದರ ವಾಲ್ವ್ ಬಂದ್ ಮಾಡ್ಲೇನ್ರಿ?"

"ಮಾಡು, ಮಾಡು. ಹೆಣಕ್ಕ ಉಸಿರು ಕಟ್ಟತೈತೇನು?"

ಕೂಲಿಯವರೆಲ್ಲ ನಕ್ಕರು. ಫಕೀರಪ್ಪ ರಸ್ತೆ ದಾಟಿ ಹೋಗಿ, ವಾಲ್ವಿನ ಉದ್ದನೆಯ ಕೀಲಿಯನ್ನು ಹದಿನಾಲ್ಕು ಸುತ್ತು ತಿರುಗಿಸಿ ಬಂದು, ಗುಂಡಿಯ ಅಂಚಿನಲ್ಲಿ ಕುಳಿತ.

ಕಾಂಕ್ರೀಟ್ ಲಾರಿ ಹಿಮ್ಮುಖವಾಗಿ ಗುಂಡಿಯತ್ತ ಬರುತ್ತಿರುವಾಗ ಎಂಜಿನಿಯರ್‌ನ ಫೋನ್ ರಿಂಗಣಿಸಿತು. ಹೆಂಡತಿಯ ಜೋರು ದನಿ ಕೂಲಿಯವರಿಗೂ ಕೇಳಿಸಿತು.

"ಏನ್ರಿ, ಎಂಟು ದಿನಕ್ಕೊಮ್ಮೆ ನಮ್ಮನೀಗೆ ಬರೋ ನೀರು ಈಗ ಒಮ್ಮೆಲೆ ನಿಂತ್ಹೋತು. ಆ ನೀರು ಬಿಡೋ ಫಕೀರಪ್ಪಗ ಸ್ವಲ್ಪ ಕೈ ಮುಗದು ಕೇಳ್ರಿ."