ನಂಬರ್ ಹಾಕಿದ ಬೋರು

ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವವನು ಇವತ್ತು ಇಷ್ಟುದ್ದ ಬರೆದಿದ್ದಾನಲ್ಲ ಅಂತ ಬೈಕೊಳ್ಳಬೇಡಿ... ಹೊಟ್ಟೆ ಉರಿದು ಬರೆದಿದ್ದೇನೆ. ಎರಡು ನಿಮಿಷ ಓದಿ.

ಒಬ್ಬ ಸಂಶೋಧಕಿ. ಭೂವಿಜ್ಞಾನದಲ್ಲಿ ಡಾಕ್ಟರೇಟ್. ನೆಲದಡಿಯ ಕಲ್ಲಿನಿಂದ ಯಾವ ಅಂಶ ಎಷ್ಟು ನೀರಿಗೆ ಸೇರುತ್ತದೆ ಎನ್ನುವುದು ಆಕೆಯ ಸಂಶೋಧನೆ.

ಅದಕ್ಕೆ ದೊಡ್ಡ ಪ್ರಶಸ್ತಿ ಬಂತು. ಸಮಾರಂಭದಲ್ಲಿ ತೋರಿಸಲು ಒಂದು ವಿಡಿಯೋ ಬೇಕಾಗಿತ್ತು... ಐದು ವರ್ಷದ ಹಿಂದೆ ನೀರಿನ ಸ್ಯಾಂಪಲ್ ತೆಗೆದಿದ್ದ ಕೊಪ್ಪಳ ಕಡೆಯ ಒಂದು ಹಳ್ಳಿಗೆ ಮತ್ತೆ ಹೋದಳು.

ಕಾರು ಇಳಿಯುತ್ತಿದ್ದಂತೆ ಅಂಗನವಾಡಿಯಿಂದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. ಹೆಸರು ಹುಲಿಗೆಮ್ಮ. ಅಲ್ಲಿ ಮಕ್ಕಳಿಗೆ ಅಡುಗೆ ಮಾಡುವಾಕೆ.

"ಯವ್ವಾ, ನೀರಿನ ಮೇಡಮ್ಮಾರು! ನನ್ನ ಗುರ್ತು ಸಿಕ್ತೇನ್ರಿ? ಅವತ್ತು ನಿಮ್ಮ ಬಾಟ್ಲಿ ಹಿಡ್ಕೊಂಡಾಕಿ ನಾನು! ಬರ್ರಿ ಬರ್ರಿ... ನಿಮ್ಮ ಬೋರು ಹೆಂಗ ಇಟ್ಕೊಂಡೀವಿ ನೋಡ್ರಿ."

ನಿಮ್ಮ ಬೋರು? ಸಂಶೋಧಕಿಗೆ ಅರ್ಥವಾಗಲಿಲ್ಲ.

ಊರಾಚೆ ಒಂದು ಕೈಪಂಪು. ಅದರ ಕಟ್ಟೆಯ ಮೇಲೆ ಹಳದಿ ಬಣ್ಣದ ಒಂದು ನಂಬರ್. ಹಿಂದೆ ಆಕೆಯೇ ಬರೆದದ್ದು... ಯಾವ ಸ್ಯಾಂಪಲ್ ಎಲ್ಲಿಯದು ಅಂತ ಗುರುತಿಗೆ, ಅಷ್ಟೇ.

ಇಷ್ಟರಲ್ಲಿ ಅದು ಮಾಸಿ ಹೋಗಬೇಕಿತ್ತು. ನೋಡಿದರೆ ನಿನ್ನೆ ಮೊನ್ನೆ ಬರೆದಂತೆ ಹೊಳೆಯುತ್ತಿದೆ! ಸುತ್ತ ರಂಗೋಲಿ ಬೇರೆ.

"ಉಗಾದಿಗೊಮ್ಮೆ ನಾನ ಬಣ್ಣ ಹಚ್ತೀನ್ರಿ," ಅಂದಳು ಹುಲಿಗೆಮ್ಮ. "ನೀವು ಪಾಸ್ ಮಾಡಿ ನಂಬರ್ ಕೊಟ್ಟ ನೀರಲ್ರಿ ಇದು? ಊರೊಳಗಿನ ಬೋರಿಗೆ ನಂಬರ್ ಹಾಕ್ಲಿಲ್ಲ ನೀವು, ಅಂದ್ರ ಅದು ಫೇಲು. ಮನಿಮನಿಗೆ ಹೋಗಿ ಹೇಳೀನ್ರಿ, ಕೂಸುಗಳಿಗೆ ಇದ ನೀರು ಕುಡಿಸ್ರಿ ಅಂತ. ದೂರ ಆದ್ರೂ ಚಿಂತಿಲ್ಲ, ಹೊತ್ಕೊಂಡು ಬರ್ತೀವಿ. ಬ್ಯಾಳಿ ಎಷ್ಟು ಛಲೋ ಕುದೀತಾವ ಗೊತ್ತೇನ್ರಿ!"

ಸಂಶೋಧಕಿಯ ಕೈಯಲ್ಲಿದ್ದ ಮೊಬೈಲ್ ರೆಕಾರ್ಡ್ ಮಾಡುತ್ತಲೇ ಇತ್ತು... ಆಕೆಯ ಮುಖ ಬಿಳಚಿಕೊಂಡಿತ್ತು.

ಯಾಕೆ ಗೊತ್ತಾ?

ಆಕೆ ಪರೀಕ್ಷೆ ಮಾಡಿದ್ದ ಅಷ್ಟೂ ಬೋರುಗಳಲ್ಲಿ ಅತಿ ಹೆಚ್ಚು ಫ್ಲೋರೈಡ್ ಸಿಕ್ಕಿದ್ದು ಇದರಲ್ಲೇ. ಹಲ್ಲಿಗೆ ಕಂದು ಕಲೆ ತಂದು, ಎಳೆಯ ಮೂಳೆಗಳನ್ನು ಸೊಟ್ಟ ಮಾಡುವ ವಿಷ. ನಾಲಿಗೆಗೆ ತಿಳಿಯುವುದಿಲ್ಲ. ಇಂಥ ಮೆದು ನೀರಿನಲ್ಲಿ ಬೇಳೆಯೂ ಚೆನ್ನಾಗಿಯೇ ಬೇಯುತ್ತದೆ.

ರಿಪೋರ್ಟ್ ಬಂದ ದಿನ ಆಕೆ ತನ್ನ ಗೈಡನ್ನು ಕೇಳಿದ್ದಳು, "ಸರ್, ಊರಿನವರಿಗೆ ಹೇಳಬೇಕಲ್ವಾ?"

"ಮೊದಲು ಪೇಪರ್ ಪಬ್ಲಿಷ್ ಆಗಲಿ ಕಣಮ್ಮಾ... ಆಮೇಲೆ ನೋಡೋಣ."

ಪಬ್ಲಿಷ್ ಆಯಿತು. ಕೆಲಸವೂ ಸಿಕ್ಕಿತು. ಆಕೆ ಊರನ್ನು ಮರೆತೇಬಿಟ್ಟಳು. ಪಂಚಾಯಿತಿಗೆ ಒಂದು ಫೋನ್ ಮಾಡಲು ಏನು ಧಾಡಿಯಾಗಿತ್ತು ಹೇಳಿ!

ಅಷ್ಟರಲ್ಲಿ ಹುಲಿಗೆಮ್ಮ ಕೂಗಿದಳು, "ನಾಗವೇಣೀ... ಬಾ ಇಲ್ಲೆ. ಮೇಡಮ್ಮಾರಿಗೆ ನಮಸ್ಕಾರ ಮಾಡು."

ಏಳು ವರ್ಷದ ಹುಡುಗಿ. ಎರಡೂ ಮೊಣಕಾಲು ಒಂದಕ್ಕೊಂದು ತಾಗಿಸಿಕೊಂಡು, ತಡವರಿಸುತ್ತಾ ಬಂದಳು. ನಕ್ಕಾಗ ಹಲ್ಲಿನ ತುಂಬಾ ಕಂದು ಗೆರೆಗಳು...

"ಮಗನ ಮಗಳ್ರಿ. ಕಾಲಿಗೆ ಏನಾಗೇತೋ ತಿಳೀವಲ್ದು. ಮನಿದೇವ್ರ ಸಿಟ್ಟು ಅಂತಾರ ಕೆಲವ್ರು. ಊರಾಗ ಇನ್ನೂ ಕೆಲವು ಕೂಸುಗಳಿಗೆ ಹಿಂಗ ಆಗೇತ್ರಿ. ಅದಕ್ಕ ಶಕ್ತಿ ಬರ್ಲಿ ಅಂತ ಇಕಿಗೆ ದಿನಾ ಒಂದು ತಂಬಿಗಿ ಹೆಚ್ಚಿಗೆನ ಕುಡಿಸ್ತೀನಿ, ಈ ನೀರು."

ಸಂಶೋಧಕಿ ರೆಕಾರ್ಡಿಂಗ್ ನಿಲ್ಲಿಸಿದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಕಾರಿನಲ್ಲಿದ್ದ ಕಿಟ್ ತಂದು, ಹಿಂದೆ ಸ್ಯಾಂಪಲ್ಲೇ ತೆಗೆಯದೆ ಬಿಟ್ಟಿದ್ದ ಊರೊಳಗಿನ ಬೋರಿನ ನೀರನ್ನೂ ಪರೀಕ್ಷಿಸಿದಳು. ನೀರು ಸ್ವಲ್ಪ ಗಡಸು, ಸ್ವಲ್ಪ ಉಪ್ಪು... ಆದರೆ ಅದರಲ್ಲಿ ಫ್ಲೋರೈಡ್ ಮಿತಿಯೊಳಗೇ ಇತ್ತು. ಮನೆ ಬಾಗಿಲಲ್ಲಿದ್ದ ಒಳ್ಳೆಯ ನೀರು ಬಿಟ್ಟು, ಊರಾಚೆಯಿಂದ ವಿಷ ಹೊತ್ತು ತಂದಿದ್ದರು!

ಹುಲಿಗೆಮ್ಮ ಕೇಳಿದ್ದು ಒಂದೇ. "ನಾಗಿ ಕಾಲು ನೆಟ್ಟಗ ಆಗ್ತಾವೇನ್ರಿ?"

"ಆಪರೇಷನ್ ಮಾಡಿಸಿದ್ರೆ ಸ್ವಲ್ಪ ಸರಿ ಹೋಗಬಹುದು ಅಮ್ಮಾ... ನಾನೇ ಮಾಡಿಸ್ತೀನಿ."

"ಇಕಿ ಒಬ್ಬಾಕಿಗೆ ಮಾಡಿಸ್ತೀರಿ ಯವ್ವಾ. ಉಳಿದ ಕೂಸುಗಳ ಅವ್ವಂದಿರಿಗೆ ನಾನು ಏನಂತ ಮಾರಿ ತೋರಿಸ್ಲಿ? ಕುಡಿಸ್ರಿ ಕುಡಿಸ್ರಿ ಅಂತ ಹೇಳಿದಾಕಿ ನಾನಲ್ರಿ?"

ಅಂದು ಸಂಜೆ ಸಂಶೋಧಕಿ ಅಂಗನವಾಡಿಯ ಮುಂದೆ ತಾಯಂದಿರನ್ನು ಸೇರಿಸಿ ಕೈಮುಗಿದಳು. "ತಪ್ಪು ನನ್ನದು. ಹುಲಿಗೆಮ್ಮನನ್ನು ದಯವಿಟ್ಟು ಏನೂ ಅನ್ನಬೇಡಿ."

ಸೊಂಟದ ಮೇಲೆ ಮಗು ಎತ್ತಿಕೊಂಡಿದ್ದ ಒಬ್ಬ ತಾಯಿ ಹೇಳಿದಳು...

"ನೀವು ಯಾರೋ ನಮಗ ಗೊತ್ತಿಲ್ರಿ. ನಮಗ ಗೊತ್ತಿದ್ದಾಕಿ ಹುಲಿಗೆಮ್ಮ. ಅಕಿನ್ನ ನಂಬಿದ್ವಿ ನಾವು."

ಪ್ರಶಸ್ತಿಯನ್ನು ಆಕೆ ಹಿಂದಿರುಗಿಸಿದಳು ಅಂತ ಬರೆದರೆ ಓದೋಕೆ ಚೆಂದ. ಹಾಗೇನೂ ಆಗಲಿಲ್ಲ, ತೆಗೆದುಕೊಂಡಳು... ಭಾಷಣದಲ್ಲಿ ಗದ್ಗದಿತಳಾದಳಂತೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಕೊಟ್ಟ ಮಾತಿನಂತೆ ಆಪರೇಷನ್ನೂ ಮಾಡಿಸಿದಳು. ನಾಗವೇಣಿ ಈಗಲೂ ಗೋಡೆ ಹಿಡಿದೇ ನಡೆಯುತ್ತಾಳೆ.

ಆ ಕೈಪಂಪಿನ ಹಿಡಿಕೆಯನ್ನು ಕಿತ್ತು ಹಾಕಿದ್ದಾರೆ. ಹುಲಿಗೆಮ್ಮ ಅಂಗನವಾಡಿಯ ಕೆಲಸ ಬಿಟ್ಟಿದ್ದಾಳೆ. ಅವಳು ಮಾಡಿದ ಅಡುಗೆಯನ್ನು ತಮ್ಮ ಮಕ್ಕಳಿಗೆ ಉಣ್ಣಿಸಲು ಊರಿನ ಒಬ್ಬ ತಾಯಿಯೂ ಒಪ್ಪಲಿಲ್ಲ.

*ತಿಳಿದವರು ಬಾಯಿ ಮುಚ್ಚಿಕೊಂಡರೆ, ಶಿಕ್ಷೆ ಆಗುವುದು ನಂಬಿದವರಿಗೆ.*

ನಿಮಗೆ ಗೊತ್ತಿದ್ದೂ ನೀವು ಹೇಳದೆ ಇಟ್ಟುಕೊಂಡಿರುವ ಮಾತಿನಿಂದ ಈ ಹೊತ್ತು ಯಾರ ಮನೆಯ ಕೂಸು ನರಳುತ್ತಿದೆ... ಯೋಚಿಸಿದ್ದೀರಾ?