ಎಂಟು ಮಹಡಿಯ ವಾದ್ಯ

ಲಿಫ್ಟ್ ಮೆಕ್ಯಾನಿಕ್ ತನ್ನ ಅಕ್ಕನ ಮನೆಯ ಪಡಸಾಲೆಯ ಗೋಡೆ ಕೊರೆದು ನಾಲ್ಕು ಸ್ಕ್ರೂ ಬಿಗಿದ. ಡ್ರಿಲ್ಲಿನ ಸದ್ದಿಗೆ ಎದುರು ಬೀದಿಯ ಬೆಕ್ಕುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟವು. ಇಪ್ಪತ್ತು ವರ್ಷದಿಂದ ಏನೂ ಕೇಳಿಸದ ಪಕ್ಕದ ಮನೆಯಜ್ಜ ಕಿಟಕಿ ತೆಗೆದು "ಯಾರಪ್ಪ ಅದು?" ಎಂದರು. ಧೂಳು ಅಡಗಿದಾಗ ಗೋಡೆಯ ಮೇಲೆ ಸ್ಟೀಲ್ ಪ್ಯಾನೆಲ್ ಒಂದು ಹೊಳೆಯುತ್ತಿತ್ತು, ಕೆಡವಿದ ಕಟ್ಟಡದ ಲಿಫ್ಟಿನಿಂದ ಬಿಚ್ಚಿ ತಂದದ್ದು. ಕೆಳಗಿನಿಂದ ಮೇಲಕ್ಕೆ ಸೊನ್ನೆಯಿಂದ ಏಳರವರೆಗೆ ಎಂಟು ಬಟನ್. ಎಲ್ಲಕ್ಕಿಂತ ಕೆಳಗೆ ಕೆಂಪನೆಯ ಸ್ಟಾಪ್.

"ಇದೇನೋ ಇದು? ನಮ್ಮನೇಲಿ ಇರೋದು ಒಂದೇ ಮಹಡಿ," ಎಂದಳು ಅಕ್ಕ. ಧ್ವನಿ ಉಪ್ಪುಕಾಗದ ಉಜ್ಜಿದ ಹಾಗಿತ್ತು.

"ವಾದ್ಯ ಕಣಕ್ಕ. ಮಿಡಿ ಕಂಟ್ರೋಲರ್ ಅಂತಾರೆ. ನಾನೇ ಮಾಡಿದ್ದು. ಸೊನ್ನೇಲಿ ಕೆಳಗಿನ ಸ್ವರ, ಏಳರಲ್ಲಿ ಮೇಲಿಂದು."

"ಕೆಂಪು ಬಟನ್ನು?"

"ಸ್ಟಾಪ್. ಅದಿಲ್ದೆ ನಾನು ಏನನ್ನೂ ಓಡ್ಸಲ್ಲ. ಒತ್ತಿದ್ರೆ ಎಲ್ಲಿರುತ್ತೋ ಅಲ್ಲೇ ನಿಲ್ಲುತ್ತೆ."

ಅಕ್ಕನ ಗಂಟಲಿಗೆ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಅದಕ್ಕೆ ಮೊದಲು ಅವಳು ಹಾಡಲು ಬಾಯಿ ತೆರೆದರೆ ಮೂರು ಬೀದಿಯಾಚೆಯ ಕುಕ್ಕರುಗಳು ಸೀಟಿ ಹೊಡೆಯಲು ನಾಚಿಕೊಳ್ಳುತ್ತಿದ್ದವು. ಈಗ ಮಾತು ಉಳಿದಿತ್ತು, ಹಾಡು ಹೋಗಿತ್ತು. ಮಗಳು ಅಂಗಡಿಯಿಂದ ಒಳ್ಳೆಯ ಕೀಬೋರ್ಡ್ ತಂದುಕೊಟ್ಟರೆ ಅಕ್ಕ ಎರಡು ನಿಮಿಷ ನುಡಿಸಿ, "ಇದಕ್ಕೆ ಬಿಕ್ಕಳಿಕೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೇ ಬರಲ್ಲ" ಎಂದು ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಳು. ಆಮೇಲೆ ಆ ಮನೆಯಲ್ಲಿ ಯಾರೂ ಗುನುಗಲೂ ಇಲ್ಲ.

ತಮ್ಮನಿಗೆ ಅದು ತಡೆಯಲಿಲ್ಲ. ಅವನ ಕೈಯಲ್ಲಿ ರಿಪೇರಿಯಾಗದ ಲಿಫ್ಟ್ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಸಂಗೀತದಲ್ಲಿ ಮಾತ್ರ ಅವನು ಅಪ್ಪಟ ಸೊನ್ನೆ. ಅಕ್ಕನ ಮಗಳೇ ಮೊದಲ ಪಾಠ ಹೇಳಿದ್ದಳು. "ಮಾಮ, ಈ ಮಿಡಿ ಕಂಟ್ರೋಲರ್ ಒಳಗೆ ಸದ್ದೇ ಇರಲ್ಲ. ಯಾವ ಬಟನ್ ಒತ್ತಿದ್ರು ಅಂತ ಕಂಪ್ಯೂಟರಿಗೆ ಹೇಳುತ್ತೆ, ಅಷ್ಟೇ. ಹಾಡೋದು ಕಂಪ್ಯೂಟರ್."

"ಇಷ್ಟೇನಾ! ನಮ್ಮಲ್ಲೂ ಹಾಗೇ ತಾನೆ? ಬಟನ್ ಕೆಳಗೆ, ಮೋಟರ್ ತಾರಸಿ ಮೇಲೆ."

ಅಲ್ಲಿಂದ ಒಂಬತ್ತು ಭಾನುವಾರ ಹಿಡಿಯಿತು. ಅಂಗೈಯಗಲದ ಸರ್ಕ್ಯೂಟ್ ಬೋರ್ಡು, ಭೂಮಿಗೆ ಎರಡು ಸುತ್ತು ಬರುವಷ್ಟು ವೈರು. ಐದು ವೋಲ್ಟ್ ಬೇಡುವ ಬೋರ್ಡಿಗೆ ಲಿಫ್ಟಿನ ಅಭ್ಯಾಸಬಲದಿಂದ ಇಪ್ಪತ್ನಾಲ್ಕು ಕೊಟ್ಟುಬಿಟ್ಟ. ಎದ್ದ ಹೊಗೆಗೆ ವಿಮಾನಗಳು ದಾರಿ ಬದಲಿಸಿದವು. ಎರಡನೆಯ ಬೋರ್ಡು ಬದುಕಿಕೊಂಡಿತು. ಪ್ರೋಗ್ರಾಮನ್ನು ಯಾರ ಕೈಗೂ ಕೊಡದೆ ಒಂದೊಂದೇ ಬೆರಳಲ್ಲಿ ತಾನೇ ಬರೆದ.

ಈಗ ಮಗಳು ಲ್ಯಾಪ್‌ಟಾಪಿಗೆ ವೈರು ಚುಚ್ಚಿ ಪಿಟೀಲಿನ ಸದ್ದು ಆರಿಸಿದಳು. "ಒತ್ತಮ್ಮ."

ಅಕ್ಕ ಬೇಸರದಿಂದಲೇ ಸೊನ್ನೆ ಒತ್ತಿದಳು. ಬಟನ್ನಿನ ಸುತ್ತ ಹಳದಿ ಬೆಳಕು ಹೊತ್ತಿತು, ಸ್ವರ ಬಂತು. ನಾಲ್ಕು ಒತ್ತಿದಳು. ಸ್ವರ ಜಿಗಿಯಲಿಲ್ಲ. ಮೆಲ್ಲಗೆ ಮೇಲೆದ್ದು, ಒಂದು, ಎರಡು, ಮೂರನ್ನು ಸವರಿಕೊಂಡು ಹೋಗಿ ನಾಲ್ಕರಲ್ಲಿ ಹೂವಿಟ್ಟ ಹಾಗೆ ನಿಂತಿತು.

"ಅಯ್ಯೋ ಮಾಮ, ಪ್ರೋಗ್ರಾಮ್ ಕೆಟ್ಟಿದೆ! ನಾಲ್ಕು ಒತ್ತಿದ್ರೆ ತಕ್ಷಣ ನಾಲ್ಕೇ ಬರಬೇಕು."

"ತಕ್ಷಣ ಹೆಂಗೆ ಬರುತ್ತೆ?" ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಮಧ್ಯದ ಮಹಡಿಯೆಲ್ಲ ದಾಟದೆ ನಾಲ್ಕಕ್ಕೆ ಹೋಗೋಕಾಗುತ್ತಾ? ಹೊರಡುವಾಗ ಮೆಲ್ಲಗೆ, ನಿಲ್ಲುವಾಗ ಇನ್ನೂ ಮೆಲ್ಲಗೆ. ಕುಲುಕಿದ್ರೆ ಒಳಗಿರೋರ ಹೊಟ್ಟೆ ಬಾಯಿಗೆ ಬರುತ್ತೆ. ಅದನ್ನ ಬರೆಯೋಕೇ ನಾಲ್ಕು ಭಾನುವಾರ ಹೋಯ್ತು ನಂಗೆ!"

"ಇದು ಲಿಫ್ಟಲ್ಲ ಮಾಮ! ಎರಡೇ ನಿಮಿಷ, ನಾನು ಸರಿ ಮಾಡ್ತೀನಿ."

"ಮುಟ್ಟಿದ್ರೆ ನೋಡು!" ಎಂದು ಅಕ್ಕ ಮಗಳ ಕೈಮೇಲೆ ಪಟ್ಟನೆ ಹೊಡೆದಳು. ಅವಳ ಬೇಸರ ಎಲ್ಲಿ ಹೋಯಿತೋ. ಏಳು ಒತ್ತಿದಳು, ಎರಡಕ್ಕಿಳಿದಳು, ಮತ್ತೆ ಐದಕ್ಕೆ ಹತ್ತಿದಳು. "ಜಾರುತ್ತೆ ಕಣೋ," ಎಂದಳು ತಮ್ಮನ ಕಡೆ ತಿರುಗದೆ. "ಲೋ, ಜಾರುತ್ತೆ!"

ಆಮೇಲೆ ಗೋಡೆಗೆ ಇನ್ನಷ್ಟು ಹತ್ತಿರ ಹೋಗಿ ನಿಂತು, ತಮ್ಮನನ್ನು ಸೊಂಟದ ಮೇಲೆ ಹೊತ್ತು ಓಡಾಡುತ್ತಿದ್ದ ಕಾಲದ ಹಾಡೊಂದನ್ನು ಹುಡುಕತೊಡಗಿದಳು. ಸಿಕ್ಕಿತು. ಆ ಹಾಡಿನಲ್ಲಿ ಒಂದು ಜಾಗವಿತ್ತು, ಯಾವ ಬಟನ್ನಿನಲ್ಲೂ ಇಲ್ಲದ ಜಾಗ. ಎರಡರಿಂದ ಮೂರಕ್ಕೆ ಹೊರಟ ಸ್ವರ ಅರ್ಧ ದಾರಿಯಲ್ಲಿದ್ದಾಗ ಅಕ್ಕ ಕೆಂಪು ಬಟನ್ ಒತ್ತಿದಳು. ಸ್ವರ ಅಲ್ಲೇ ತೂಗಿ ನಿಂತಿತು. ಅಕ್ಕ ಕಣ್ಣು ಮುಚ್ಚಿದಳು. ಕಿಟಕಿಯಲ್ಲಿದ್ದ ಅಜ್ಜ ಕೆಮ್ಮು ಬಂದರೂ ನುಂಗಿಕೊಂಡರು.

"ಮಾಮ, ಎರಡಕ್ಕೂ ಮೂರಕ್ಕೂ ನಡುವೆ ಸಿಕ್ಕಿಹಾಕ್ಕೊಂಡ್ಬಿಡ್ತು," ಎಂದು ಮಗಳು ಪಿಸುಗುಟ್ಟಿದಳು.

ನಡುವೆ ಸಿಕ್ಕಿಕೊಂಡ ಲಿಫ್ಟಿನ ಬಾಗಿಲು ತೆಗೆದು ಒಳಗಿದ್ದವರನ್ನು ಇಳಿಸುವ ಮೂವತ್ತು ವರ್ಷದ ಅಭ್ಯಾಸ. ಅವನ ಕೈ ತಾನಾಗಿ ಸ್ಕ್ರೂಡ್ರೈವರ್ ಹಿಡಿದಿತ್ತು. ಅದನ್ನು ಮತ್ತೆ ಚೀಲಕ್ಕೆ ಹಾಕಿ, ಡ್ರಿಲ್ಲಿನ ಧೂಳಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ.

"ಇರಲಿ ಬಿಡು," ಎಂದ. "ಬಾಗಿಲು ತೆಗೀಬೇಡ."