ಎಡಗೈಯ ಗುರುತು

ದರ್ಜಿ ಅವಳ ಎಡಗೈಯನ್ನು ಗಬಕ್ಕನೆ ಹಿಡಿದ. ಏಣಿಯ ಮೇಲೆ ನಿಂತಿದ್ದವಳ ಕೈಯಿಂದ ಸ್ಪ್ರೇ ಡಬ್ಬಿ ಜಾರಿ ರಸ್ತೆಗೆ ಬಿತ್ತು.

‘ಕೈ ಬಿಡಿ ಯಜಮಾನ್ರೆ’ ಎಂದಳು ಅವಳು.

ಮೊಣಕೈಯ ಸ್ವಲ್ಪ ಕೆಳಗೆ, ದೋಣಿಯ ಮೂತಿಯಂತೆ ಚೂಪಾದ ಗುರುತು. ಅದೇ ಜಾಗ, ಅದೇ ಅಳತೆ. ಅಳತೆಯಲ್ಲಿ ಅವನ ಕಣ್ಣು ತಪ್ಪುವುದಿಲ್ಲ. ಆದರೆ ಬಣ್ಣ ಕಪ್ಪು. ಬಗ್ಗಿ ನೋಡಿದ. ಶಾಯಿ. ಬರೀ ಹಚ್ಚೆ.

‘ತಪ್ಪಾಯ್ತು ಕಣಮ್ಮ. ನನ್ನ ಮಗಳು ಅಂದ್ಕೊಂಡೆ. ಅವಳಿಗೂ ಇದೇ ಜಾಗದಲ್ಲಿ ಇಂಥದ್ದೇ ಗುರುತಿದೆ.’

ಬಣ್ಣದ ಘಾಟಿಗೆಂದು ಮೂಗು ಬಾಯಿ ಮುಚ್ಚಿದ ಮುಸುಕು, ಅದರ ಮೇಲೆ ದಪ್ಪ ಕನ್ನಡಕ. ನೀಲಿ ಮೆತ್ತಿದ ಹಣೆ ಬಿಟ್ಟು ಅವಳದು ಬೇರೇನೂ ಕಾಣುತ್ತಿರಲಿಲ್ಲ. ದನಿಯೂ ಮುಸುಕಿನೊಳಗೆ ಗೊಗ್ಗರು ಗೊಗ್ಗರಾಗಿತ್ತು.

‘ಮಗಳು ಎಲ್ಲಿ ಹೋದ್ಲು?’

‘ಹದಿನಾರಕ್ಕೇ ಮನೆ ಬಿಟ್ಟಳು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆಗೆ ಬಟ್ಟೆಗೆ ಏನೂ ಕಮ್ಮಿ ಮಾಡಿರಲಿಲ್ಲ.’

‘ಆ ಗುರುತು ಹೇಗಾಯ್ತು?’

‘ಹುಟ್ಟು ಮಚ್ಚೆ.’

ಅವಳು ಇಳಿದು ಡಬ್ಬಿ ಎತ್ತಿಕೊಂಡು ಕಟಕಟ ಅಲ್ಲಾಡಿಸಿದಳು. ‘ಹಾಗಾದ್ರೆ ಹುಡುಕಿ. ಮಚ್ಚೆ ಎಲ್ಲಿಗೂ ಓಡಿಹೋಗಲ್ಲ’ ಎಂದು ಮತ್ತೆ ಏಣಿ ಹತ್ತಿದಳು.

ದರ್ಜಿ ಮುಂದೆ ನಡೆದ. ಗಾಡಿಗಳ ಓಡಾಟ ನಿಲ್ಲಿಸಿದ ಆ ಉದ್ದನೆಯ ಬೀದಿಯಲ್ಲಿ ಗೋಡೆಗೊಬ್ಬರಂತೆ ಚಿತ್ರಗಾರರು. ಕತ್ತಿನ ಮೇಲೆ ಹಾವು, ಬೆರಳ ಗೆಣ್ಣಿನ ಮೇಲೆ ಹೂವು. ಒಳ್ಳೆಯ ಅಂಗಿ ಹೊಲಿಸಿಕೊಳ್ಳುವುದು ಬಿಟ್ಟು ಚರ್ಮಕ್ಕೇ ಕಸೂತಿ ಹಾಕಿಸಿಕೊಂಡಿದ್ದಾರಲ್ಲ ಎಂದು ಬೇರೆ ದಿನವಾಗಿದ್ದರೆ ಗೊಣಗುತ್ತಿದ್ದ. ಇವತ್ತು ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಎಡಗೈ. ಗೋಡೆ ಚಿತ್ರ ಬರೆಯುವವರ ನಡುವೆ ಅಂಥ ಗುರುತಿನವಳನ್ನು ಕಂಡೆ ಎಂದು ಗಿರಾಕಿಯೊಬ್ಬ ಹೇಳಿದ್ದೇ ತಡ, ಅಂಗಡಿಗೆ ಬಾಗಿಲು ಹಾಕಿ ಓಡಿಬಂದಿದ್ದ. ಹೆಂಡತಿ ಮಗಳ ಹೆಸರು ಹಿಡಿದೇ ಪ್ರಾಣ ಬಿಟ್ಟಿದ್ದಳು. ಆಮೇಲೆ ಮನೆ ಬಣಬಣ. ಈ ಹದಿನಾಲ್ಕು ವರ್ಷದಲ್ಲಿ ಮಗಳ ಮುಖ ಮಸುಕಾಗಿತ್ತು. ಗುರುತು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕು, ಬೇರೇನೂ ಬೇಡ.

ಎರಡನೇ ಗೋಡೆಯ ಹತ್ತಿರ ಬಣ್ಣ ಕಲಸುತ್ತಿದ್ದವಳ ಎಡಗೈಯಲ್ಲೂ ಅದೇ ದೋಣಿಮೂತಿ. ಶಾಯಿ. ಅದರಾಚೆ ನರೆಗೂದಲಿನ ಹೆಂಗಸಿನ ಕೈಯಲ್ಲೂ ಅದೇ. ಅದೂ ಶಾಯಿ. ದರ್ಜಿಗೆ ತಲೆ ಗಿರ್ ಎಂದಿತು. ಇವರೆಲ್ಲ ಸೇರಿ ತನ್ನನ್ನು ಆಟ ಆಡಿಸುತ್ತಿದ್ದಾರೆಯೇ?

ಬೀದಿಯ ಕೊನೆಯಲ್ಲಿ ಎಲ್ಲರೂ ಗಡ್ಡ ಎಂದು ಕರೆಯುವ ಚಿತ್ರಗಾರ ಟೀ ಕುಡಿಯುತ್ತ ಕೂತಿದ್ದ. ಎರಡೂ ತೋಳಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಹಚ್ಚೆ. ಎಡಗೈಯಲ್ಲಿ ಆ ಗುರುತಿನ ಸುತ್ತ ಮಾತ್ರ ಖಾಲಿ ಬಿಟ್ಟಿದ್ದ.

‘ಏನಯ್ಯಾ ಇದು? ಯಾವ ಸಂಘದ ಮುದ್ರೆ?’ ದರ್ಜಿ ಕೇಳಿದ.

‘ಸಂಘ ಗಿಂಘ ಏನಿಲ್ಲ ಯಜಮಾನ್ರೆ. ನಮ್ಮ ಜೊತೆಯವಳೊಬ್ಬಳಿದ್ದಾಳೆ. ಅವಳ ಕೈಮೇಲೆ ಹೀಗೊಂದು ಗುರುತಿತ್ತು. ಎಂಥ ಸೆಕೆಯಲ್ಲೂ ಅಂಗಿಯ ತುಂಬುತೋಳು ಮಡಚ್ತಿರಲಿಲ್ಲ. ಯಾರಾದ್ರೂ ನೋಡಿಬಿಡ್ತಾರೆ ಅಂತ ಸಾಯೋಳು. ಕೊನೆಗೆ ನಾವೆಲ್ಲ ಒಂದೇ ದಿನ ಕೂತು ಅದನ್ನೇ ಹಾಕಿಸ್ಕೊಂಡ್ವಿ. ಈಗ ಯಾರು ಬೇಕಾದ್ರೂ ನೋಡ್ಲಿ.’

‘ಅದೇ ನನ್ನ ಮಗಳು. ಅವಳ ಗುರುತು ನಿಜವಾದ್ದು. ಶಾಯಿ ಇಲ್ಲದ್ದು. ಎಲ್ಲಿದ್ದಾಳೆ?’

ಗಡ್ಡ ಲೋಟ ಕೆಳಗಿಟ್ಟ. ಮುಖದ ನಗು ಇಳಿದಿತ್ತು. ‘ಶಾಯಿ ಇಲ್ಲದ್ದು ಈಗ ಯಾರ ಹತ್ರನೂ ಇಲ್ಲ. ಅವಳೇ ಎಲ್ಲರಿಗಿಂತ ಮೊದಲು ಅದರ ಮೇಲೆ ಶಾಯಿ ತುಂಬಿಸ್ಕೊಂಡ್ಲು. ಮಗಳು ಅಂತೀರಿ, ಮುಖ ನೋಡಿ ಹುಡುಕಬಾರದಾ?’

ದರ್ಜಿ ಅಲ್ಲಿಂದ ದಡಬಡ ತಿರುಗಿದ. ಕೈ ಬಿಡಿ ಎಂದವಳು ಕಿರುಚಿಕೊಂಡಿರಲಿಲ್ಲ. ಪೂರ್ತಿ ಅಪರಿಚಿತ ಮುದುಕನೊಬ್ಬ ಕೈ ಹಿಡಿದೆಳೆದರೆ ಯಾರು ಸುಮ್ಮನಿರುತ್ತಾರೆ? ಮಗಳ ಕಥೆಯನ್ನು ನಿಂತು ಕೇಳಿದ್ದಳು. ಅಯ್ಯೋ, ಮುಂದೆ ಇದ್ದರೂ ಕಾಣಲಿಲ್ಲವಲ್ಲ ನನ್ನ ಕಣ್ಣಿಗೆ ಎಂದುಕೊಳ್ಳುತ್ತ ಏದುಸಿರು ಬಿಡುತ್ತ ಓಡಿದ. ಹಿಂದೆಯೇ ಗಡ್ಡ ಬಂದ. ಉಳಿದ ಚಿತ್ರಗಾರರೂ ಕೈಕೆಲಸ ಬಿಟ್ಟು ಬಂದು ಸುತ್ತ ನಿಂತರು.

ಅವಳು ಏಣಿಯ ಮೇಲೆಯೇ ಇದ್ದಳು, ಗೋಡೆಗೆ ಮುಖ ಮಾಡಿ.

‘ಮಗಾ’ ಎಂದ ದರ್ಜಿ. ‘ಕೆಳಗಿಳಿ ಮಗಾ. ಮನೆಗೆ ಹೋಗೋಣ. ಅಮ್ಮ ನಿನ್ನ ಹೆಸರು ಹೇಳ್ತಾನೇ ಹೋದ್ಲು.’

ಮುಸುಕಿನ ಪಟ್ಟಿಗೆ ಕೈ ಹಾಕಿದವಳು ಅಲ್ಲೇ ತಡೆದಳು.

‘ಇನ್ನೊಂದೇ ಸಲ ಕೇಳ್ತೀನಿ. ಆ ಗುರುತು ಹೇಗಾಯ್ತು?’

ದರ್ಜಿ ಸುತ್ತ ನೋಡಿದ. ಅಷ್ಟೊಂದು ಮುಖಗಳು, ಅಷ್ಟೊಂದು ಎಡಗೈಗಳು. ಪೊಲೀಸರಿಗೆ, ನೆಂಟರಿಗೆ, ನೆರೆಮನೆಯವರಿಗೆ ಇಷ್ಟು ವರ್ಷ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ತಾನಾಗಿಯೇ ಹೊರಬಂತು.

‘ಹೇಳಿದ್ನಲ್ಲ, ಹುಟ್ಟು ಮಚ್ಚೆ.’

ಅವಳು ಮುಸುಕಿನ ಪಟ್ಟಿಯಿಂದ ಕೈ ತೆಗೆದಳು.

‘ನಿನ್ನ ಕೈಗೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ್ದು ನಾನೇ ಅಂತ ಒಂದೇ ಒಂದು ಸಲ ಅಂದಿದ್ರೆ, ಈಗಲೇ ಇಳಿದು ಬರ್ತಿದ್ದೆ ಅಪ್ಪ.’